ಹಾಸನದ ಓದುಗರ ಬೆಲೆ ಯಾರ ಕೈ ಸೇರುತ್ತದೆ? ಸುದ್ದಿತಾಣಗಳ ಹಿಂದಿನ ತಂತ್ರಾಂಶ ಮತ್ತು ಹೊಸ ದತ್ತಾಂಶ ಕಾನೂನು

2025ರ ನವೆಂಬರ್ ಮಧ್ಯಭಾಗದಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಅಧಿಸೂಚಿಸಿದಾಗ, ಒಪ್ಪಿಗೆ ಇಲ್ಲದೆ ಇನ್ನು ಯಾರ ಮಾಹಿತಿಯನ್ನೂ ಬಳಸುವಂತಿಲ್ಲ, ತಪ್ಪಿದವರಿಗೆ 250 ಕೋಟಿ ರೂಪಾಯಿ ದಂಡ ಎಂಬ ಅರ್ಥದ ವರದಿಗಳು ಎಲ್ಲೆಡೆ ಕಾಣಿಸಿಕೊಂಡವು. ಆ ವರದಿಗಳನ್ನು ಮೊಬೈಲಿನಲ್ಲಿ ತೆರೆದು ಓದಿದ ಹಾಸನ, ಚಿಕ್ಕಮಗಳೂರಿನ ಓದುಗರಿಗೆ ಮಾತ್ರ ಯಾವ ವ್ಯತ್ಯಾಸವೂ ಕಂಡಿಲ್ಲ. ನಿನ್ನೆ ಎಲ್ಲೋ ನೋಡಿದ ಪಂಪ್‌ಸೆಟ್ಟಿನ ಜಾಹೀರಾತು ಇಂದು ಹೇಮಾವತಿ ಜಲಾಶಯದ ನೀರಿನ ಮಟ್ಟದ ಸುದ್ದಿಯ ನಡುವೆಯೂ ಬರುತ್ತದೆ. ನೋಟಿಫಿಕೇಶನ್‌ಗೆ ಅನುಮತಿ ಕೇಳುವ ಪೆಟ್ಟಿಗೆ ಹಾಗೆಯೇ ಇದೆ. ಓದುತ್ತಿದ್ದ ಸಾಲು, ಮೇಲೆ ಜಾಹೀರಾತು ಬಂದು ಕೂತೊಡನೆ ಕೆಳಕ್ಕೆ ಜಾರುತ್ತದೆ. ಇದರ ನಡುವೆ ಗೂಗಲ್ ಕಂಪನಿಯು ಕ್ರೋಮ್ ಬ್ರೌಸರ್‌ನಿಂದ ಹೊರಗಿನವರ ಕುಕಿಗಳನ್ನು (ಓದುಗರನ್ನು ಗುರುತಿಸಲು ಬೇರೆ ಕಂಪನಿಗಳು ಅವರ ಬ್ರೌಸರ್‌ನಲ್ಲಿ ಇಡುವ ಸಣ್ಣ ಗುರುತುಗಳನ್ನು) ತೆಗೆದುಹಾಕುವುದಾಗಿ 2020ರಲ್ಲಿ ಹೇಳಿದ್ದ ಮಾತನ್ನು ಕೈಬಿಟ್ಟಿದೆ. ಕಾನೂನು ಬಂದಿದೆಯೋ ಇಲ್ಲವೋ, ಬಂದಿದ್ದರೆ ಅದು ತಡೆಯುವುದು ಏನನ್ನು, ಸುದ್ದಿತಾಣಕ್ಕೆ ಓದುಗರ ಬೆನ್ನು ಹತ್ತುವ ಅಗತ್ಯವಾದರೂ ಏನು ಎಂಬ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರ ಸಿಗುವುದಿಲ್ಲ. ಮೂರೂ ಒಂದೇ ವ್ಯವಸ್ಥೆಯ ಭಾಗಗಳು.

ಕಾನೂನಿನ ಯಾವ ಭಾಗ ಈಗ ಜಾರಿಯಲ್ಲಿದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ತೀರ್ಪು ಬಂದ ಮೇಲೆ ಹಲವು ಕರಡುಗಳು ಬಂದು ಹೋದವು. ಕೊನೆಗೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಾಯ್ದೆ ನಡೆಯಲು ಬೇಕಾದ ನಿಯಮಗಳು ಬರಲು ಮತ್ತೆ ಎರಡು ವರ್ಷ ಹಿಡಿಯಿತು.

ಗೊಂದಲದ ಮೂಲ ಇರುವುದು ಆ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಲ್ಲಿ. ದೂರುಗಳನ್ನು ವಿಚಾರಿಸಿ ದಂಡ ವಿಧಿಸಬೇಕಾದ ದತ್ತಾಂಶ ಸಂರಕ್ಷಣಾ ಮಂಡಳಿಯನ್ನು ರಚಿಸುವ ಭಾಗ ತಕ್ಷಣ ಜಾರಿಗೆ ಬಂತು. ಜನರ ಪರವಾಗಿ ಒಪ್ಪಿಗೆಗಳನ್ನು ನಿರ್ವಹಿಸುವ ಮಧ್ಯಸ್ಥ ಸಂಸ್ಥೆಗಳ ನೋಂದಣಿಗೆ ಒಂದು ವರ್ಷದ ಅವಧಿ ಇದೆ. ತಿಳಿವಳಿಕೆ ಕೊಡಬೇಕು, ಒಪ್ಪಿಗೆ ಪಡೆಯಬೇಕು, ಕೇಳಿದಾಗ ಮಾಹಿತಿ ಅಳಿಸಬೇಕು ಎಂಬ ಮುಖ್ಯ ಕರ್ತವ್ಯಗಳು ಕಂಪನಿಗಳನ್ನು ಕಟ್ಟಿಹಾಕುವುದು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಿಂದ. ಅಲ್ಲಿಯವರೆಗೆ ಸುದ್ದಿತಾಣಗಳು ಹಳೆಯ ರೀತಿಯಲ್ಲೇ ನಡೆದರೆ ಈ ಕಾಯ್ದೆಯಡಿ ಅವುಗಳನ್ನು ಹಿಡಿಯಲು ಆಗುವುದಿಲ್ಲ. ದಂಡದ ಮೊತ್ತದ ಬಗ್ಗೆಯೂ ಒಂದು ತಿದ್ದುಪಡಿ ಬೇಕು. 250 ಕೋಟಿ ಎಂಬುದು ಮಾಹಿತಿ ಸೋರಿಹೋಗದಂತೆ ತಕ್ಕ ಭದ್ರತೆ ಮಾಡದವರಿಗೆ ಇರುವ ಗರಿಷ್ಠ ಮಿತಿ. ಒಪ್ಪಿಗೆಯ ನಿಯಮಗಳನ್ನು ಮುರಿಯುವಂಥ ಉಲ್ಲಂಘನೆಗಳಿಗೆ ಮಿತಿ 50 ಕೋಟಿ. ದಂಡದ ಹಣ ಭಾರತ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ತೊಂದರೆಗೊಳಗಾದ ಓದುಗರಿಗೆ ಈ ಕಾಯ್ದೆಯಲ್ಲಿ ಪರಿಹಾರವಿಲ್ಲ.

ತಕ್ಷಣ ಜಾರಿಗೆ ಬಂದ ಮತ್ತೊಂದು ಭಾಗವನ್ನು ಇಲ್ಲಿ ಹೇಳದೆ ಇರಲಾಗದು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ತಿದ್ದುಪಡಿಯಾಗಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣದ ಮೇಲೆ ಅಧಿಕಾರಿಗಳು ಮಾಹಿತಿ ನಿರಾಕರಿಸುವ ದಾರಿ ಅಗಲವಾಗಿದೆ. ಸಾರ್ವಜನಿಕ ಹಿತಾಸಕ್ತಿ ಇದ್ದರೆ ಮಾಹಿತಿ ಕೊಡಬಹುದೆಂಬ 8(2) ಕಲಮು ಉಳಿದೇ ಇದೆ ಎಂಬುದು ಸರ್ಕಾರದ ಸಮರ್ಥನೆ. ಹಿಂದಿನ ಕರಡುಗಳಲ್ಲಿ ಪತ್ರಿಕಾವೃತ್ತಿಗೆ ಇದ್ದ ವಿನಾಯಿತಿ 2023ರ ಕಾಯ್ದೆಯಲ್ಲಿ ಇಲ್ಲ ಎಂಬುದು ಪತ್ರಕರ್ತರ ಸಂಘಟನೆಗಳ ಆಕ್ಷೇಪ. ಓದುಗರಿಗೆ ರಕ್ಷಣೆ ಕೊಡುವ ಭಾಗ ಹದಿನೆಂಟು ತಿಂಗಳು ದೂರದಲ್ಲಿರುವಾಗ ವರದಿಗಾರರ ಕೈ ಕಟ್ಟಬಹುದಾದ ಭಾಗ ಮೊದಲ ದಿನವೇ ಬಂದದ್ದು ವಿಚಿತ್ರ ಅನುಕ್ರಮವೇ ಸರಿ.

ಪುಟ ತೆರೆದ ಕ್ಷಣದಲ್ಲಿ ನಡೆಯುವುದೇನು

ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತಿದೆ ಎಂಬ ಸುದ್ದಿಯನ್ನು ಸಕಲೇಶಪುರದ ಓದುಗರೊಬ್ಬರು ತೆರೆಯುತ್ತಾರೆ ಎಂದಿಟ್ಟುಕೊಳ್ಳೋಣ. ಸುದ್ದಿಯ ಅಕ್ಷರಗಳಿಗೆ ಬೇಕಾದ ಡೇಟಾ ತೀರಾ ಅಲ್ಪ. ಆದರೆ ಅಕ್ಷರಗಳ ಜೊತೆಗೆ ಪುಟವು ಸ್ಕ್ರಿಪ್ಟ್ ಎಂದು ಕರೆಯುವ ಹಲವು ಸಣ್ಣ ತಂತ್ರಾಂಶಗಳನ್ನು ಬೇರೆಬೇರೆ ಕಂಪನಿಗಳ ಸರ್ವರ್‌ಗಳಿಂದ ಎಳೆದುತರುತ್ತದೆ. ಮೂಡಿಗೆರೆ, ಕೊಪ್ಪದ ಕಡೆ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗ ಸುದ್ದಿಯ ಪುಟ ಬಿಳಿಯಾಗಿಯೇ ನಿಲ್ಲುವುದಕ್ಕೆ ಹಲವು ಬಾರಿ ಈ ಹೊರೆಯೇ ಕಾರಣ. ಫೋಟೊ, ವಿಡಿಯೊಗಳದ್ದು ಉಳಿದ ಪಾಲು. ಹೊರೆಗೆ ಆಗುವ ಡೇಟಾ ಖರ್ಚು ಓದುಗರದ್ದು.

ಈ ತಂತ್ರಾಂಶಗಳೆಲ್ಲ ಒಂದೇ ಕೆಲಸದವಲ್ಲ. ಎಷ್ಟು ಜನ ಓದಿದರು, ಎಲ್ಲಿಂದ ಬಂದರು, ಎಷ್ಟು ಹೊತ್ತು ಇದ್ದರು ಎಂದು ಎಣಿಸುವ ಗೂಗಲ್ ಅನಲಿಟಿಕ್ಸ್‌ನಂಥವು ಮೊದಲನೆಯ ಬಗೆ. ಈ ಕ್ಷಣದಲ್ಲಿ ಯಾವ ತಲೆಬರಹ ಓಡುತ್ತಿದೆ ಎಂದು ಸಂಪಾದಕರ ಪರದೆಯ ಮೇಲೆ ತೋರಿಸುವ ಚಾರ್ಟ್‌ಬೀಟ್‌ನಂಥವು ಅದರ ಮುಂದಿನ ಹೆಜ್ಜೆ. ಓದುಗರು ಪರದೆಯನ್ನು ಎಲ್ಲಿ ಮುಟ್ಟಿದರು, ಎಲ್ಲಿಯವರೆಗೆ ಸರಿಸಿದರು ಎಂಬುದನ್ನು ಮರುಪ್ರದರ್ಶನದಂತೆ ದಾಖಲಿಸುವ ಉಪಕರಣಗಳೂ ಇವೆ, ಅವುಗಳಲ್ಲಿ ಕೆಲವು ಉಚಿತವಾಗಿಯೇ ಸಿಗುತ್ತವೆ. ಸುದ್ದಿಯ ಕೆಳಗೆ 'ನೀವು ಇದನ್ನೂ ಓದಬಹುದು' ಎಂಬ ಸಾಲಿನಲ್ಲಿ ತೂಕ ಇಳಿಸುವ ಗುಟ್ಟು, ಸಿನಿಮಾ ತಾರೆಯರ ಮನೆ ಎಂಬಂಥ ಚಿತ್ರಗಳನ್ನು ತುಂಬುವುದು ಟಬೂಲಾ, ಔಟ್‌ಬ್ರೈನ್ ಮಾದರಿಯ ಕಂಪನಿಗಳ ಕೆಲಸ. ಸುದ್ದಿಮನೆಯವರು ಅವನ್ನು ಆಯ್ಕೆ ಮಾಡಿರುವುದಿಲ್ಲ. ಫೇಸ್‌ಬುಕ್‌ನಿಂದ ಬಂದ ಕೊಂಡಿಯ ತುದಿಯಲ್ಲಿ ಅಂಟಿಕೊಂಡಿರುವ ಉದ್ದನೆಯ ಅಕ್ಷರ-ಅಂಕೆಗಳ ಬಾಲವೂ ಒಂದು ಗುರುತಿನ ಚೀಟಿಯೇ. ಆ್ಯಪ್ ಮೂಲಕ ಓದುವವರ ವಿಷಯದಲ್ಲಿ ಈ ಕೆಲಸವನ್ನು ಫೋನಿನ ಜಾಹೀರಾತು ಗುರುತುಸಂಖ್ಯೆ ಮಾಡುತ್ತದೆ.

ಸುದ್ದಿತಾಣಗಳೇ ಇದರಲ್ಲಿ ಮುಂದಿರುವುದು ಹೊಸ ಸಂಗತಿಯಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಎಂಗಲ್‌ಹಾರ್ಟ್ ಮತ್ತು ಅರವಿಂದ್ ನಾರಾಯಣನ್ 2016ರಲ್ಲಿ ಹತ್ತು ಲಕ್ಷ ಜಾಲತಾಣಗಳನ್ನು ಪರಿಶೀಲಿಸಿದಾಗ, ಓದುಗರನ್ನು ಹಿಂಬಾಲಿಸುವ ಇಂಥ ತಂತ್ರಾಂಶಗಳು, ಅಂದರೆ ಅತಿ ಹೆಚ್ಚು ಟ್ರ್ಯಾಕರ್‌ಗಳು ಸುದ್ದಿತಾಣಗಳಲ್ಲಿಯೇ ಕಂಡುಬಂದವು. ಸರ್ಕಾರಿ ತಾಣ, ವಿಶ್ವವಿದ್ಯಾಲಯದ ತಾಣಗಳಿಗೆ ಬೇರೆ ಹಣದ ಮೂಲವಿದೆ. ಸುದ್ದಿಯನ್ನು ಪುಕ್ಕಟೆಯಾಗಿ ಕೊಡುವ ತಾಣಕ್ಕೆ ಜಾಹೀರಾತನ್ನು ಬಿಟ್ಟರೆ ಬೇರೆ ದಾರಿ ಕಡಿಮೆ ಎಂಬುದು ಅವರು ಕೊಟ್ಟ ವಿವರಣೆಯ ತಾತ್ಪರ್ಯ.

ಜಿಲ್ಲಾ ಮಟ್ಟದ ಸಣ್ಣ ತಾಣಗಳ ಸ್ಥಿತಿ ಇನ್ನೂ ಅಧ್ವಾನ. ಮೂರುನಾಲ್ಕು ಮಂದಿ ಸೇರಿ ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣಕ್ಕೆ ಸಿದ್ಧ ವಿನ್ಯಾಸ, ಉಚಿತ ಪ್ಲಗಿನ್, ಜಾಹೀರಾತಿನ ಕೋಡ್ ಎಂದು ಒಂದೊಂದನ್ನೇ ಸೇರಿಸುತ್ತ ಹೋದರೆ, ತಮ್ಮ ಪುಟದಿಂದ ಯಾವ ಯಾವ ಕಂಪನಿಗೆ ಏನು ಹೋಗುತ್ತಿದೆ ಎಂಬುದು ಮಾಲೀಕರಿಗೇ ತಿಳಿದಿರುವುದಿಲ್ಲ.

ಕುಕಿ ಸತ್ತಿತೇ?

ವೆಬ್ ಹುಟ್ಟಿದಾಗ ಅದಕ್ಕೆ ನೆನಪು ಇರಲಿಲ್ಲ. ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಹೋದವರು ಅದೇ ವ್ಯಕ್ತಿ ಎಂದು ಸರ್ವರ್‌ಗೆ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ 1994ರಲ್ಲಿ ಕುಕಿಯನ್ನು ರೂಪಿಸಿದರು: ತಾಣವು ಓದುಗರ ಬ್ರೌಸರ್‌ನಲ್ಲಿ ಒಂದು ಸಣ್ಣ ಗುರುತನ್ನು ಇಟ್ಟು, ಮುಂದಿನ ಬಾರಿ ಅದನ್ನು ಓದಿಕೊಳ್ಳುವ ಏರ್ಪಾಡು. ತಾಣ ತನ್ನದೇ ಗುರುತನ್ನು ಇಟ್ಟರೆ ಅಡ್ಡಿಯಿಲ್ಲ. ಲಾಗಿನ್ ಆಗಿ ಉಳಿಯುವುದು ಅದರಿಂದಲೇ. ತೊಡಕು ಶುರುವಾದದ್ದು ಪುಟದೊಳಗೆ ಜಾಹೀರಾತು ಹಾಕುವ ಹೊರಗಿನ ಕಂಪನಿಯೂ ತನ್ನ ಗುರುತನ್ನು ಇಡಲು ಸಾಧ್ಯವಾದಾಗ. ಒಂದೇ ಕಂಪನಿಯ ಜಾಹೀರಾತು ಸಾವಿರ ತಾಣಗಳಲ್ಲಿದ್ದರೆ, ಆ ಸಾವಿರ ತಾಣಗಳಲ್ಲೂ ಅದೇ ಓದುಗರು ಏನು ಮಾಡಿದರು ಎಂಬುದು ಅದಕ್ಕೆ ಗೊತ್ತಾಗುತ್ತದೆ. ಎರಡು ಕಂಪನಿಗಳು ತಮ್ಮ ತಮ್ಮ ಗುರುತುಗಳನ್ನು ಹೊಂದಿಸಿಕೊಂಡರೆ ಒಬ್ಬರಿಗೆ ಗೊತ್ತಿದ್ದದ್ದು ಇಬ್ಬರಿಗೂ ಗೊತ್ತಾಗುತ್ತದೆ.

ಫೈರ್‌ಫಾಕ್ಸ್ 2019ರಲ್ಲಿ ಗುರುತಿಸಲಾದ ಟ್ರ್ಯಾಕರ್‌ಗಳ ಕುಕಿಗಳನ್ನೂ, ಆ್ಯಪಲ್‌ನ ಸಫಾರಿ 2020ರ ಮಾರ್ಚ್‌ನಲ್ಲಿ ಹೊರಗಿನವರ ಎಲ್ಲ ಕುಕಿಗಳನ್ನೂ ತಾವಾಗಿಯೇ ತಡೆಯಲಾರಂಭಿಸಿದವು. ಎರಡು ವರ್ಷದೊಳಗೆ ಕ್ರೋಮ್‌ನಿಂದಲೂ ಅವನ್ನು ತೆಗೆಯುವುದಾಗಿ ಗೂಗಲ್ 2020ರ ಜನವರಿಯಲ್ಲಿ ಹೇಳಿತು. ಗಡುವನ್ನು ಮತ್ತೆ ಮತ್ತೆ ಮುಂದೂಡಿತು. 2024ರ ಜುಲೈನಲ್ಲಿ ಯೋಜನೆಯನ್ನು ಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಪ್ರತ್ಯೇಕವಾಗಿ ಓದುಗರ ಆಯ್ಕೆ ಕೇಳುವ ಪೆಟ್ಟಿಗೆಯೂ ಇರುವುದಿಲ್ಲವೆಂದು ಪ್ರಕಟಿಸಿತು. ಗೂಗಲ್ ಕುಕಿಯನ್ನು ತೆಗೆದರೆ ಪ್ರತಿಸ್ಪರ್ಧಿ ಜಾಹೀರಾತು ಕಂಪನಿಗಳು ಕುರುಡಾಗಿ, ಗೂಗಲ್‌ಗೆ ಮಾತ್ರ ತನ್ನ ಖಾತೆಗಳ ಮೂಲಕ ಎಲ್ಲ ಕಾಣುವಂತಾಗುತ್ತದೆ ಎಂಬುದು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರ ಮುಂದಿದ್ದ ಆತಂಕವಾಗಿತ್ತು. ಖಾಸಗಿತನಕ್ಕೆ ಒಳ್ಳೆಯದಾದ ಹೆಜ್ಜೆಯೇ ಏಕಸ್ವಾಮ್ಯವನ್ನು ಬಲಪಡಿಸಬಹುದಾದ ಈ ಇಕ್ಕಟ್ಟನ್ನು ಹಲವರು ಗಮನಿಸುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಕ್ರೋಮ್ ಇರುವ ಆಂಡ್ರಾಯ್ಡ್ ಫೋನು. ಆದ್ದರಿಂದ ಇಲ್ಲಿನ ಓದುಗರಿಗೆ ಕುಕಿ ಸತ್ತಿಲ್ಲ.

ಕುಕಿಯನ್ನು ತಡೆದರೂ ಗುರುತು ಹಿಡಿಯುವುದು ನಿಲ್ಲುವುದಿಲ್ಲ. ಫೋನಿನ ಮಾದರಿ, ಪರದೆಯ ಅಳತೆ, ಭಾಷೆ, ಕಾಲವಲಯ, ಅಕ್ಷರಶೈಲಿಗಳು ಇವನ್ನೆಲ್ಲ ಸೇರಿಸಿ ಬ್ರೌಸರ್‌ನ 'ಬೆರಳಚ್ಚು' ತೆಗೆಯುವ ವಿಧಾನವಿದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ನಡೆಸಿದ ಪ್ರಯೋಗದಲ್ಲಿ ಭಾಗವಹಿಸಿದ ಬ್ರೌಸರ್‌ಗಳ ಪೈಕಿ ಶೇ 80ಕ್ಕೂ ಹೆಚ್ಚಿನವುಗಳ ಬೆರಳಚ್ಚು ಬೇರೊಂದಕ್ಕೆ ಹೊಂದದಂತೆ ಇತ್ತು.

ಸೋತವರಿಗೂ ಸಿಗುವ ಸರಕು

ಇಷ್ಟೆಲ್ಲ ಗುರುತು ಹಿಡಿಯುವುದು ಹರಾಜಿಗಾಗಿ. ಶಿರಾಡಿ ಸುದ್ದಿಯ ಪುಟದಲ್ಲಿ ಜಾಹೀರಾತಿನ ಜಾಗ ಖಾಲಿ ಇದೆ ಎಂದೊಡನೆ, ಈ ಪುಟದ ವಿಳಾಸ, ಓದುಗರ ಅಂದಾಜು ಊರು, ಫೋನಿನ ಮಾದರಿ, ಗುರುತುಸಂಖ್ಯೆ ಇವುಗಳನ್ನೊಳಗೊಂಡ ಒಂದು ಕೋರಿಕೆ ಜಾಹೀರಾತು ವಿನಿಮಯ ಕೇಂದ್ರಗಳಿಗೆ ಹೋಗುತ್ತದೆ. ಅವು ಅದನ್ನು ಹತ್ತಾರು, ಕೆಲವೊಮ್ಮೆ ನೂರಾರು ಕೊಳ್ಳುವ ಕಂಪನಿಗಳಿಗೆ ಹಂಚುತ್ತವೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಬಿಡ್‌ಗಳು ಬಂದು, ಗೆದ್ದವರ ಜಾಹೀರಾತು ಪರದೆಗೆ ಬರುತ್ತದೆ.

ಅರಸೀಕೆರೆಯ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಾದಾಗ ಹೆಚ್ಚು ಕೂಗಿದವರು ಸರಕು ಹೊತ್ತೊಯ್ಯುತ್ತಾರೆ. ಸೋತವರು ಬರಿಗೈಯಲ್ಲಿ ಮರಳುತ್ತಾರೆ. ಜಾಹೀರಾತಿನ ಹರಾಜಿನಲ್ಲಿ ಹಾಗಲ್ಲ. ಸರಕಿನ ವಿವರವೇ ಸರಕು. ಈ ಗುರುತುಸಂಖ್ಯೆಯವರು ಈ ಹೊತ್ತಿನಲ್ಲಿ ಈ ಸುದ್ದಿ ಓದಿದರು ಎಂಬ ಮಾಹಿತಿ, ಒಂದು ಪೈಸೆ ಕೊಡದೆ ಸೋತವರಿಗೂ ಸಿಕ್ಕಿರುತ್ತದೆ. ಒಪ್ಪಂದದ ಪ್ರಕಾರ ಅದನ್ನು ಇಟ್ಟುಕೊಳ್ಳಬಾರದೆಂಬ ಷರತ್ತುಗಳಿರುತ್ತವೆ. ಇಟ್ಟುಕೊಂಡರೆ ಪತ್ತೆ ಹಚ್ಚುವುದು ಕಷ್ಟ.

ಯಾರ ಮೂಲಕ ಮಾರಾಟ ನಡೆಯುತ್ತದೆ ಎಂಬುದನ್ನು ಓದುಗರೇ ನೋಡಬಹುದು. ಯಾವುದೇ ಸುದ್ದಿತಾಣದ ಮುಖಪುಟದ ವಿಳಾಸದ ಕೊನೆಗೆ ಓರೆಗೆರೆ ಹಾಕಿ 'ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ, ಆ ತಾಣದ ಜಾಗ ಮಾರಲು ಅಧಿಕಾರ ಪಡೆದವರ ಪಟ್ಟಿ ತೆರೆದುಕೊಳ್ಳುತ್ತದೆ. ನಕಲಿ ತಾಣಗಳ ವಂಚನೆ ತಡೆಯಲು ಜಾಹೀರಾತು ಉದ್ಯಮವೇ 2017ರಲ್ಲಿ ತಂದ ಏರ್ಪಾಡು ಇದು. ಪ್ರತಿ ಸಾಲಿನ ಕೊನೆಗೆ ನೇರ ಮಾರಾಟವೋ ಮರುಮಾರಾಟವೋ ಎಂದು ಬರೆದಿರುತ್ತದೆ. ಕೆಲವು ತಾಣಗಳಲ್ಲಿ ಈ ಪಟ್ಟಿ ನೂರಾರು ಸಾಲು ಉದ್ದವಿರುತ್ತದೆ, ಹೆಚ್ಚಿನವು ಮರುಮಾರಾಟದವು.

ಈ ಸರಪಳಿಯ ನಡುವಿನ ಬಲುದೊಡ್ಡ ಪಾಲು ಗೂಗಲ್‌ನದ್ದು. 2008ರಲ್ಲಿ ಡಬಲ್‌ಕ್ಲಿಕ್ ಎಂಬ ಜಾಹೀರಾತು ತಂತ್ರಾಂಶ ಕಂಪನಿಯ ಖರೀದಿ ಮುಗಿದ ಮೇಲೆ ಮಾರುವವರ ಉಪಕರಣ, ಕೊಳ್ಳುವವರ ಉಪಕರಣ, ನಡುವಿನ ಹರಾಜುಕಟ್ಟೆ ಮೂರೂ ಅದರ ಬಳಿ ಸೇರಿದವು. ಪ್ರಕಾಶಕರ ಜಾಹೀರಾತು ಸರ್ವರ್ (ಮಾರುವವರ ಉಪಕರಣ) ಮತ್ತು ಜಾಹೀರಾತು ವಿನಿಮಯ ಮಾರುಕಟ್ಟೆಗಳಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ಅಮೆರಿಕದ ಫೆಡರಲ್ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತರು. ಭಾರತದಲ್ಲಿ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತ್ತು.

ಹೃದಯಾಘಾತದ ಸುದ್ದಿ ಓದಿದವರು

ಜಾಹೀರಾತು ತಾನೇ, ಬಂದರೆ ಬರಲಿ ಎಂಬ ಮಾತಿಗೆ ಉತ್ತರ ಹಾಸನದಲ್ಲೇ ಇದೆ. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ವರದಿಯಾದವು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಆ ವಾರಗಳಲ್ಲಿ ಜಿಲ್ಲೆಯ ಬಹುತೇಕ ಮನೆಗಳಲ್ಲಿ ಆ ಸುದ್ದಿಗಳನ್ನು ಯಾರಾದರೂ ಓದಿರಲೇಬೇಕು.

ಓದುವವರ ದೃಷ್ಟಿಯಲ್ಲಿ ಅದು ಊರಿನ ಸುದ್ದಿ. ಹರಾಜಿನ ಯಂತ್ರದ ದೃಷ್ಟಿಯಲ್ಲಿ, ಒಂದು ಗುರುತುಸಂಖ್ಯೆ ಹೃದಯದ ಆರೋಗ್ಯಕ್ಕೆ ಸಂಬಂಧಿಸಿದ ಐದಾರು ಪುಟಗಳನ್ನು ಕೊನೆಯವರೆಗೂ ಓದಿದೆ. ಜಾಹೀರಾತು ಉದ್ಯಮದ ಪ್ರಮಾಣಿತ ವಿಷಯಪಟ್ಟಿಗಳಲ್ಲಿ ಆರೋಗ್ಯದ ಅಡಿಯಲ್ಲಿ ಕಾಯಿಲೆವಾರು ಉಪವಿಭಾಗಗಳೇ ಇವೆ. ಆ ಗುರುತುಸಂಖ್ಯೆಯ ಮುಂದೆ ಅಂಥ ಒಂದು ಚೀಟಿ ಅಂಟಿದರೆ, ಅದನ್ನು ತಪಾಸಣಾ ಕೇಂದ್ರ ಕೊಳ್ಳಬಹುದು, ವಿಮಾ ದಲ್ಲಾಳಿ ಕೊಳ್ಳಬಹುದು, ಬ್ಲಾಕೇಜ್ ಕರಗಿಸುವ ಪುಡಿ ಮಾರುವವರೂ ಕೊಳ್ಳಬಹುದು. ಭಯದಲ್ಲಿದ್ದವರನ್ನು ಭಯದ ಕ್ಷಣದಲ್ಲೇ ಮುಟ್ಟಲು ಸಾಧ್ಯವಾಗುವುದು ಈ ವ್ಯವಸ್ಥೆಯ ನಿಜವಾದ ಶಕ್ತಿ, ನಿಜವಾದ ಅಪಾಯವೂ ಅದೇ. ಮಲೆನಾಡಿನ ಮಂಗನ ಕಾಯಿಲೆಯ ಸುದ್ದಿ, ಬೆಳೆಸಾಲದ ಸುದ್ದಿ, ಕಾಡಾನೆ ದಾಳಿಯ ಪರಿಹಾರದ ಸುದ್ದಿ ಯಾವುದಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಹೊಸ ಸಾಲದ ಆ್ಯಪ್‌ಗಳಿಗೆ ಸಾಲದ ಚಿಂತೆಯಲ್ಲಿರುವವರಿಗಿಂತ ಒಳ್ಳೆಯ ಗಿರಾಕಿಗಳಿಲ್ಲ.

ನಮ್ಮ ಕಾಯ್ದೆಯ ಒಂದು ಕೊರತೆ ಇಲ್ಲಿ ಎದ್ದು ಕಾಣುತ್ತದೆ. ಐರೋಪ್ಯ ಒಕ್ಕೂಟದ ಕಾನೂನು ಆರೋಗ್ಯ, ಧರ್ಮ, ರಾಜಕೀಯ ನಿಲುವು ಮೊದಲಾದವನ್ನು ವಿಶೇಷ ವರ್ಗವೆಂದು ಬೇರ್ಪಡಿಸಿ ಹೆಚ್ಚಿನ ರಕ್ಷಣೆ ಕೊಡುತ್ತದೆ. ನಮ್ಮ ಹಿಂದಿನ ಕರಡುಗಳಲ್ಲೂ ಸೂಕ್ಷ್ಮ ಮಾಹಿತಿ ಎಂಬ ವರ್ಗವಿತ್ತು. 2023ರ ಕಾಯ್ದೆಯಲ್ಲಿ ಅದಿಲ್ಲ: ಕಾಫಿ ಧಾರಣೆ ಓದಿದ್ದು, ಹೃದ್ರೋಗದ ಬಗ್ಗೆ ಓದಿದ್ದು ಎರಡೂ ಕಾನೂನಿನ ಕಣ್ಣಿಗೆ ಒಂದೇ ತೂಕದ ಮಾಹಿತಿ.

ಹಣ ಯಾರಿಗೆ ಸಿಗುತ್ತಿದೆ

ಪ್ರಕಾಶಕರ ವಾದ ಸರಳವಾಗಿದೆ. ಓದುಗರು ದುಡ್ಡು ಕೊಡುವುದಿಲ್ಲ, ವರದಿಗಾರರಿಗೆ ಸಂಬಳ ಕೊಡಬೇಕು, ಗುರುತು ಹಿಡಿದ ಓದುಗರಿಗೆ ತೋರಿಸುವ ಜಾಹೀರಾತಿಗೆ ಹೆಚ್ಚು ದರ ಸಿಗುತ್ತದೆ. ಆದ್ದರಿಂದ ಟ್ರ್ಯಾಕಿಂಗ್ ನಿಂತರೆ ಸುದ್ದಿಯೂ ನಿಲ್ಲುತ್ತದೆ. ಈ ವಾದಕ್ಕೆ ಆಧಾರವಿಲ್ಲವೆನ್ನಲಾಗದು. ಕುಕಿ ಇಲ್ಲದಿದ್ದರೆ ದೊಡ್ಡ ಪ್ರಕಾಶಕರ ಆದಾಯ ಸರಾಸರಿ ಶೇ 52ರಷ್ಟು ಇಳಿಯುತ್ತದೆಂದು ಗೂಗಲ್ 2019ರಲ್ಲಿ ತನ್ನ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಅದೇ ವರ್ಷ ಮರೋಟಾ, ಅಭಿಷೇಕ್ ಮತ್ತು ಅಕ್ವಿಸ್ಟಿ ಎಂಬ ಸಂಶೋಧಕರು ಒಬ್ಬ ದೊಡ್ಡ ಪ್ರಕಾಶಕರ ಲಕ್ಷಾಂತರ ವಹಿವಾಟುಗಳನ್ನು ಪರಿಶೀಲಿಸಿ, ಕುಕಿಯಿಂದ ಪ್ರಕಾಶಕರಿಗೆ ಸಿಗುವ ಹೆಚ್ಚುವರಿ ಆದಾಯ ಶೇ 4ರಷ್ಟು ಮಾತ್ರ ಎಂದರು. ಎರಡೂ ಅಂಕಿಗಳನ್ನು ಓದುವಾಗ ಒಂದು ಸಂಗತಿ ನೆನಪಿರಬೇಕು. ಉಳಿದ ಎಲ್ಲರ ಬಳಿ ಕುಕಿ ಇರುವಾಗ ಕೆಲವರ ಕುಕಿ ಮಾತ್ರ ತೆಗೆದರೆ ಜಾಹೀರಾತುದಾರರು ಕುಕಿ ಇರುವ ಕಡೆಗೆ ಹೋಗುತ್ತಾರೆ. ಯಾರ ಬಳಿಯೂ ಇಲ್ಲದಿದ್ದರೆ ಅವರಿಗೆ ಹೋಗಲು ಬೇರೆ ಜಾಗವಿರುವುದಿಲ್ಲ. ಜೊತೆಗೆ, ಮೊದಲ ಅಂಕಿಯನ್ನು ಕೊಟ್ಟದ್ದು ಆ ಮಾರುಕಟ್ಟೆಯ ಒಡೆಯನೇ ಎಂಬುದನ್ನೂ ಮರೆಯಬಾರದು.

ಜಾಹೀರಾತುದಾರರು ಕೊಟ್ಟ ಹಣದಲ್ಲಿ ಸುದ್ದಿಮನೆಗೆ ತಲುಪುವುದು ಎಷ್ಟು ಎಂಬುದಕ್ಕೆ ಬ್ರಿಟನ್ನಿನ ಜಾಹೀರಾತುದಾರರ ಸಂಘ ಪಿಡಬ್ಲ್ಯೂಸಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯಿಂದ ಮಾಡಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ: ಸುಮಾರು ಅರ್ಧ, ಶೇ 51. ಶೇ 15ರಷ್ಟು ಹಣ ಎಲ್ಲಿ ಹೋಯಿತೆಂದು ಲೆಕ್ಕಪರಿಶೋಧಕರಿಗೂ ಪತ್ತೆಯಾಗಲಿಲ್ಲ.

ಪ್ರಕಾಶಕರ ವಾದದ ದೊಡ್ಡ ದೌರ್ಬಲ್ಯ ಆ ಲೆಕ್ಕದಾಚೆಗಿದೆ. ಚಿಕ್ಕಮಗಳೂರಿನ ತಾಣವೊಂದು ಕಾಫಿ, ಕಾಳುಮೆಣಸಿನ ಧಾರಣೆಯನ್ನು ದಿನವೂ ಸರಿಯಾಗಿ ಕೊಟ್ಟು ಬೆಳೆಗಾರರ ವಿಶ್ವಾಸ ಗಳಿಸಿದೆ ಎನ್ನೋಣ. ಗೊಬ್ಬರ, ಪಲ್ಪರ್, ಹನಿ ನೀರಾವರಿ ಮಾರುವವರಿಗೆ ಆ ಓದುಗರು ಬೇಕು. ಹಳೆಯ ಮುದ್ರಿತ ಪತ್ರಿಕೆಯ ಕಾಲದಲ್ಲಾದರೆ ಅವರು ಆ ಪತ್ರಿಕೆಯ ಬಾಗಿಲಿಗೇ ಬರಬೇಕಿತ್ತು. ಈಗ ಆ ಪುಟದಲ್ಲಿರುವ ಹೊರಗಿನ ಸ್ಕ್ರಿಪ್ಟ್‌ಗಳು 'ಕಾಫಿಯಲ್ಲಿ ಆಸಕ್ತಿ ಉಳ್ಳವರು' ಎಂದು ಓದುಗರಿಗೆ ಗುರುತು ಹಾಕಿಬಿಡುತ್ತವೆ. ಅದೇ ಓದುಗರು ಸಂಜೆ ಫೋನಿನಲ್ಲಿ ಲೂಡೊ ಆಡುವಾಗ, ಅದೇ ಜಾಹೀರಾತನ್ನು ಅಲ್ಲಿ ಅತಿ ಕಡಿಮೆ ದರಕ್ಕೆ ತೋರಿಸಬಹುದು. ಓದುಗ ಬಳಗವನ್ನು ಕಟ್ಟಿದ್ದು ಸುದ್ದಿತಾಣ, ಮಾರಿ ಲಾಭ ಮಾಡಿದ್ದು ಬೇರೆಯವರು. ತನ್ನ ಪುಟಕ್ಕೆ ಹೊರಗಿನ ಟ್ರ್ಯಾಕರ್‌ಗಳನ್ನು ಸೇರಿಸಿಕೊಂಡ ಪ್ರತಿ ಬಾರಿಯೂ ಜಿಲ್ಲಾ ಸುದ್ದಿತಾಣ ತನ್ನ ಏಕೈಕ ಆಸ್ತಿಯನ್ನು ಬಿಟ್ಟುಕೊಡುತ್ತಿದೆ.

ಸ್ಥಳೀಯ ಜಾಹೀರಾತಿಗಾದರೂ ಈ ವ್ಯವಸ್ಥೆ ಸರಿಹೊಂದುತ್ತದೆಯೇ ಎಂದರೆ ಅದೂ ಅರೆಬರೆ. ಮೊಬೈಲ್ ಜಾಲದ ಐಪಿ ವಿಳಾಸದಿಂದ ಊರನ್ನು ಅಂದಾಜು ಮಾಡುವಾಗ ಹೊಳೆನರಸೀಪುರದ ಓದುಗರು ಬೆಂಗಳೂರಿನವರಾಗಿ ಕಾಣುವುದು ಸಾಮಾನ್ಯ. ಹಾಸನದ ಕಸ್ತೂರಬಾ ರಸ್ತೆಯ ಬಟ್ಟೆ ಅಂಗಡಿಗೆ ಬೇಕಾದ ಊರಿನ ಗಿರಾಕಿಗಳನ್ನು ಹುಡುಕಲು ಅಂಥ ಅಂದಾಜಿಗಿಂತ, ಹಾಸನದ ಸುದ್ದಿ ಓದುತ್ತಿದ್ದಾರೆ ಎಂಬ ಒಂದೇ ಸಂಗತಿ ಹೆಚ್ಚು ನಂಬಲರ್ಹ. ಓದುಗರ ಬದಲು ಪುಟದ ವಿಷಯಕ್ಕೆ ತಕ್ಕಂತೆ ಜಾಹೀರಾತು ಹಾಕುವ ಪದ್ಧತಿಗೆ ಹೊರದೇಶಗಳಲ್ಲಿ ಉದಾಹರಣೆಗಳಿವೆ: ನೆದರ್‌ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ 2020ರಲ್ಲಿ ಟ್ರ್ಯಾಕಿಂಗ್ ಕುಕಿಗಳನ್ನು ಪೂರ್ತಿ ಕೈಬಿಟ್ಟ ಮೇಲೆ ಅದರ ಡಿಜಿಟಲ್ ಜಾಹೀರಾತು ಆದಾಯ ಏರಿತು. ಆದರೆ ಆ ಸಂಸ್ಥೆಗೆ ತನ್ನದೇ ಮಾರಾಟ ವಿಭಾಗವಿತ್ತು. ಬಟ್ಟೆ ಅಂಗಡಿಯವರು ಇನ್‌ಸ್ಟಾಗ್ರಾಂನಲ್ಲಿ ಕೆಲವು ನೂರು ರೂಪಾಯಿಗೆ ಜಾಹೀರಾತು ಹಾಕಬಹುದಾದಾಗ ಸುದ್ದಿತಾಣದ ಬಾಗಿಲಿಗೆ ಬರುವಂತೆ ಮಾಡಲು ಊರೂರು ತಿರುಗುವ ಜನ ಬೇಕು. ಅದು ಸುಲಭದ ಕೆಲಸವಲ್ಲ.

ಒಪ್ಪಿಗೆಯ ಪೆಟ್ಟಿಗೆ ಎಷ್ಟು ದೂರ ಬರುತ್ತದೆ

2027ರ ನಂತರ ಓದುಗರು ಮೊದಲು ನೋಡುವುದು ಒಪ್ಪಿಗೆ ಕೇಳುವ ಪೆಟ್ಟಿಗೆಗಳನ್ನು. ಯುರೋಪಿನಲ್ಲಿ ಈ ದೃಶ್ಯ 2018ರ ಮೇ ತಿಂಗಳಿನಿಂದ ಇದೆ. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಲ್ಲವೆಂದು ಅಲ್ಲಿನ ನ್ಯಾಯಾಲಯ 2019ರಲ್ಲಿ ಹೇಳಬೇಕಾಯಿತು. ಒಪ್ಪಲು ಒಂದೇ ಒತ್ತು, ನಿರಾಕರಿಸಲು ಹಲವು ಒತ್ತು ಎಂಬಂತೆ ಪೆಟ್ಟಿಗೆ 'ವಿನ್ಯಾಸ' ಮಾಡಿದ್ದಕ್ಕೆ ಫ್ರಾನ್ಸಿನ ನಿಯಂತ್ರಕರು 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಬೇಕಾಯಿತು. ಒಪ್ಪಿಗೆಯನ್ನು ಹರಾಜಿನ ಸರಪಳಿಗೆ ದಾಟಿಸುವ ಉದ್ಯಮದ ಚೌಕಟ್ಟೇ ಕಾನೂನಿಗೆ ಹೊಂದುವುದಿಲ್ಲವೆಂದು ಅದೇ ವರ್ಷ ಬೆಲ್ಜಿಯಂ ಹೇಳಿತು. ನೂರಾರು ಕಂಪನಿಗಳ ಪಟ್ಟಿಯನ್ನು ಓದಿ, ತಿಳಿದು ಒಪ್ಪುವವರು ಎಲ್ಲಿಯೂ ಇಲ್ಲ. ಬಹುಪಾಲು ಜನ ಪೆಟ್ಟಿಗೆ ತೊಲಗಲೆಂದು ಒತ್ತುತ್ತಾರೆ.

ಭಾರತದ ಕಾಯ್ದೆಯಲ್ಲಿ ಯುರೋಪಿಗಿಂತ ಬಿಗಿಯಾದ ಕೆಲವು ಅಂಶಗಳಿವೆ. ಒಪ್ಪಿಗೆ ಷರತ್ತಿಲ್ಲದ್ದಾಗಿರಬೇಕು ಎಂದು ಅದು ಹೇಳುತ್ತದೆ. ಟ್ರ್ಯಾಕಿಂಗ್ ಒಪ್ಪಿ, ಇಲ್ಲವೇ ಚಂದಾ ಕೊಡಿ ಎಂದು ಜರ್ಮನಿ, ಆಸ್ಟ್ರಿಯಾದ ಪತ್ರಿಕೆಗಳು ಕೇಳುವ ರೀತಿ ಇಲ್ಲಿ ನಡೆಯುವುದು ಅನುಮಾನ. ಯುರೋಪಿನಲ್ಲಿರುವಂತೆ ಇಲ್ಲೂ ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯಲು ಆಗಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ತಿಳಿವಳಿಕೆ ಪತ್ರ ಓದುವ ಆಯ್ಕೆ ಇರಬೇಕು; ಅಂದರೆ ಕನ್ನಡದಲ್ಲೂ. ಅದು ಸುತ್ತೋಲೆಯ ಕನ್ನಡದಲ್ಲಿ ಬಂದರೆ ಇಂಗ್ಲಿಷಿನಲ್ಲಿದ್ದಷ್ಟೇ ಉಪಯೋಗವಾದೀತು ಎಂಬುದು ಬೇರೆ ಮಾತು. ಗೊಂದಲ ಹುಟ್ಟಿಸಿ ಒಪ್ಪಿಸುವ ತಂತ್ರಗಳ ವಿರುದ್ಧ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಈಗಾಗಲೇ ಇದೆ.

ಮಕ್ಕಳ ವಿಷಯದಲ್ಲಿ ಕಾಯ್ದೆಯ ಮಾತು ಖಡಕ್ಕಾಗಿದೆ: ಹದಿನೆಂಟರೊಳಗಿನವರ ನಡವಳಿಕೆಯನ್ನು ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಮಾಡಿದ ಜಾಹೀರಾತು ತೋರಿಸುವಂತಿಲ್ಲ. ಮಳೆಗೆ ಶಾಲೆಗೆ ರಜೆ ಇದೆಯೇ ಎಂದು ಅಪ್ಪನ ಫೋನಿನಲ್ಲಿ ಬೆಳಿಗ್ಗೆ ಸುದ್ದಿತಾಣ ತೆರೆಯುವ ಹುಡುಗಿಗೆ ವಯಸ್ಸೆಷ್ಟೆಂದು ಯಾವ ಸ್ಕ್ರಿಪ್ಟಿಗೂ ತಿಳಿಯದು. ಒಂದೇ ಫೋನು ಇಡೀ ಮನೆಗಿರುವ ಕಡೆ ಈ ನಿಯಮವನ್ನು ಪಾಲಿಸಬೇಕಾದರೆ, ಒಂದೋ ಎಲ್ಲ ಓದುಗರ ವಯಸ್ಸು ದೃಢಪಡಿಸಬೇಕು, ಅಂದರೆ ಇನ್ನಷ್ಟು ಮಾಹಿತಿ ಪಡೆಯಬೇಕು. ಇಲ್ಲವೇ ಯಾರನ್ನೂ ಹಿಂಬಾಲಿಸದೆ ಇರಬೇಕು. ತಾಣಗಳು ಮೊದಲನೆಯದನ್ನೇ ಆಯ್ದುಕೊಂಡು ಲಾಗಿನ್ ಕಡ್ಡಾಯ ಮಾಡುವ ಸಾಧ್ಯತೆ ಹೆಚ್ಚು. ಫೋನ್ ನಂಬರ್ ಕೊಟ್ಟು ಲಾಗಿನ್ ಆದವರಿಗೆ ಕುಕಿಯ ಅಗತ್ಯವೇ ಇಲ್ಲ. ನಂಬರ್ ಎಲ್ಲ ಕಡೆ ಒಂದೇ.

ಇನ್ನೊಂದು ಪರಿಣಾಮವನ್ನೂ ನಿರೀಕ್ಷಿಸಬಹುದು. ನಿಯಮ ಪಾಲನೆಯ ಖರ್ಚು ತಾಳಲಾರದ ಸಣ್ಣ ತಾಣಗಳು ತಮ್ಮ ಪುಟಗಳನ್ನೇ ಬಿಟ್ಟು ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್‌ಆ್ಯಪ್ ಚಾನೆಲ್‌ಗಳಿಗೆ ಪೂರ್ತಿ ವಲಸೆ ಹೋಗಬಹುದು. ಆಗ ಓದುಗರ ಮಾಹಿತಿ ನೂರು ಕಂಪನಿಗಳಿಗೆ ಹಂಚಿಹೋಗುವುದು ತಪ್ಪಿ ಎರಡು ಕಂಪನಿಗಳಲ್ಲಿ ಶೇಖರವಾಗುತ್ತದೆ.

ಇತ್ಯರ್ಥವಾಗಬೇಕಾದ ಸಂಗತಿಗಳು

2027ರವರೆಗೆ ಓದುಗರ ಕೈಯಲ್ಲಿರುವುದು ತುಸುವೇ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಕುಕಿಗಳನ್ನು ತಡೆಯುವ ಆಯ್ಕೆ ಇದೆ, ಆಂಡ್ರಾಯ್ಡ್‌ನ ಈಚಿನ ಆವೃತ್ತಿಗಳಲ್ಲಿ ಜಾಹೀರಾತು ಗುರುತುಸಂಖ್ಯೆಯನ್ನು ಅಳಿಸಬಹುದು, ಸುದ್ದಿತಾಣಕ್ಕೆ ಲೊಕೇಶನ್ ಅನುಮತಿ ಕೊಡಬೇಕಾದ ಕಾರಣವಿಲ್ಲ. ಜಾಹೀರಾತು ತಡೆಯುವ ತಂತ್ರಾಂಶ ಹಾಕಿಕೊಂಡರೆ ಟ್ರ್ಯಾಕಿಂಗ್ ಜೊತೆಗೆ ಸುದ್ದಿತಾಣದ ಆದಾಯವೂ ನಿಲ್ಲುತ್ತದೆ. ಆ ನಷ್ಟ ಗೂಗಲ್‌ಗಿಂತ ಊರಿನ ವರದಿಗಾರರಿಗೆ ಬೇಗ ತಟ್ಟುತ್ತದೆ.

ಮಂಡಳಿಯ ಮುಂದೆ ಬರಲಿರುವ ಪ್ರಶ್ನೆಗಳು ಹೆಚ್ಚು ಮುಖ್ಯ. ಕಾಯ್ದೆಯಲ್ಲಿ ಕುಕಿ ಎಂಬ ಶಬ್ದವೇ ಇಲ್ಲ. ಹೆಸರಿಲ್ಲದ ಗುರುತುಸಂಖ್ಯೆಯೊಂದು 'ಗುರುತಿಸಬಹುದಾದ ವ್ಯಕ್ತಿಯ ಮಾಹಿತಿ' ಆಗುತ್ತದೆಯೇ ಎಂಬುದಕ್ಕೆ ಹೌದು ಎಂದರೆ ಇಡೀ ಹರಾಜು ವ್ಯವಸ್ಥೆ ಕಾಯ್ದೆಯೊಳಗೆ ಬರುತ್ತದೆ, ಅಲ್ಲ ಎಂದರೆ ಬಹುಪಾಲು ಹೊರಗುಳಿಯುತ್ತದೆ. ಎರಡನೆಯದು, 17(3)ನೇ ಕಲಮು. ಮಾಹಿತಿಯ ಪ್ರಮಾಣ ಮತ್ತು ಸ್ವರೂಪ ನೋಡಿಕೊಂಡು, ನವೋದ್ಯಮಗಳೂ ಸೇರಿದಂತೆ ಕೆಲವು ವರ್ಗದ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು ಎನ್ನುತ್ತದೆ ಅದು. ಹಾಗೆ ವಿನಾಯಿತಿ ಕೊಡಬಹುದಾದ ಕರ್ತವ್ಯಗಳಲ್ಲಿ ತಿಳಿವಳಿಕೆ ಪತ್ರ ಕೊಡುವುದು ಇದೆ, ಒಪ್ಪಿಗೆ ಪಡೆಯುವುದು ಇಲ್ಲ. ಜಿಲ್ಲಾ ಸುದ್ದಿತಾಣಗಳು ಆ ವರ್ಗಕ್ಕೆ ಸೇರಿದರೆ, ಯಾವುದಕ್ಕೆ ಒಪ್ಪುತ್ತಿದ್ದೇವೆಂದು ತಿಳಿಸಬೇಕಾದ ಕಟ್ಟುಪಾಡಿಲ್ಲದ ಒಪ್ಪಿಗೆಯನ್ನು ಓದುಗರು ಕೊಡಬೇಕಾಗುತ್ತದೆ; ಆ ಪುಟಗಳೊಳಗೆ ಕೂತಿರುವ ದೊಡ್ಡ ಜಾಹೀರಾತು ಕಂಪನಿಗಳು, ತಾವು ಆ ತಾಣದ ಪರವಾಗಿ ಕೆಲಸ ಮಾಡುವವರಷ್ಟೇ ಎಂದು ವಾದಿಸಲು ಅವಕಾಶ ಉಳಿದೇ ಇರುತ್ತದೆ.